ಕೆಂಪು ಲೈಟಿನ ಮಾಸ್ಕ್, ಕುಪ್ಪಸದ ಗೆರೆ

ಪ್ರಶ್ನೆ: ನನಗೆ 48 ವರ್ಷ. ತಿಕೋಟಾ ಹತ್ತಿರ ನಮ್ಮದು ದ್ರಾಕ್ಷಿ ತೋಟ. ಕಣ್ಣಿನ ಸುತ್ತ ಗೆರೆ ಬಿದ್ದಿವೆ, ಕೆನ್ನೆ ಮೇಲೆ ಬಂಗು ಬೇರೆ ಇದೆ. ಬೆಂಗಳೂರಿನ ಮಗಳು ಕೆಂಪು ಲೈಟ್ ಬರೋ ಮಾಸ್ಕ್ ಕಳಿಸಿದ್ದಾಳೆ. ಹಾಕಿಕೊಂಡು ಕೂತರೆ ಮೊಮ್ಮಗ ಹೆದರಿ ಅಳ್ತಾನೆ! ಇದರಿಂದ ನಿಜವಾಗ್ಲೂ ಸುಕ್ಕು ಹೋಗುತ್ತಾ?
– ಒಬ್ಬ ಓದುಗರು, ವಿಜಯಪುರ ಜಿಲ್ಲೆ

ಉತ್ತರ: ಸ್ವಲ್ಪ ಕಡಿಮೆಯಾಗಬಹುದು. ಪೂರ್ತಿ ಹೋಗಲ್ಲ.

ಹಾಗಂತ ಇದು ಬರೀ ಬುರುಡೆಯೂ ಅಲ್ಲ. 1967ರಲ್ಲಿ ಬುಡಾಪೆಸ್ಟ್‌ನ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಮೈಕೂದಲು ಬೋಳಿಸಿದ ಇಲಿಗಳ ಮೇಲೆ ಕೆಂಪು ಲೇಸರ್ ಬಿಟ್ಟು ನೋಡಿದರು. ಲೇಸರ್‌ನಿಂದ ಕ್ಯಾನ್ಸರ್ ಬರುತ್ತಾ ಅನ್ನೋದು ಅವರ ಪ್ರಶ್ನೆ. ಕ್ಯಾನ್ಸರ್ ಬರಲಿಲ್ಲ, ಬೆಳಕು ಬಿದ್ದ ಕಡೆ ಕೂದಲು ಬೇಗ ಬೆಳೆಯಿತು! ಅಲ್ಲಿಂದ ಶುರುವಾದ ಕತೆ ಈಗ ನಿಮ್ಮ ಮಾಸ್ಕ್‌ವರೆಗೆ ಬಂದಿದೆ. 630ರಿಂದ 660 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಬೆಳಕು, ಅದರ ಜೊತೆ ಕಣ್ಣಿಗೆ ಕಾಣದ 830ರ ಆಸುಪಾಸಿನ ಬೆಳಕು ಚರ್ಮದೊಳಗೆ ಇಳಿದು, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾವನ್ನು ಸ್ವಲ್ಪ ಚುರುಕು ಮಾಡುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಒಂಚೂರು ಜಾಸ್ತಿ ತಯಾರಾಗುತ್ತದೆ. 2014ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ 136 ಜನ ಇದ್ದರು. ಬೆಳಕು ಕೊಟ್ಟವರಿಗೆ ವಾರಕ್ಕೆ 2 ಸಲದಂತೆ 30 ಸಲ ಕೊಟ್ಟರು, ಉಳಿದವರಿಗೆ ಏನೂ ಕೊಡಲಿಲ್ಲ. ಬೆಳಕು ಪಡೆದವರ ಚರ್ಮದ ಒರಟುತನ ಕಡಿಮೆಯಾಗಿತ್ತು. ಲೆಕ್ಕ ಹಾಕಿ, ಅದು 15 ವಾರ, ಅಂದರೆ ಸುಮಾರು ಮೂರೂವರೆ ತಿಂಗಳು. ಹಾಗಾಗಿ ಹದಿನೈದು ದಿನ ಹಾಕಿ ಕನ್ನಡಿ ನೋಡಿ ಬೇಜಾರಾಗಬೇಡಿ. ಒಂದು ಸಲಕ್ಕೆ 10 ನಿಮಿಷ ಅಂತ ಬರೆದಿದ್ದರೆ ಹತ್ತೇ ನಿಮಿಷ. ಜಾಸ್ತಿ ಹೊತ್ತು ಇಟ್ಟರೆ ಜಾಸ್ತಿ ಲಾಭ ಅನ್ನೋದು ಇದರಲ್ಲಿ ನಡೆಯಲ್ಲ, ಅಳತೆ ಮೀರಿದರೆ ಪರಿಣಾಮವೇ ಇಳಿದು ಹೋಗುತ್ತದೆ.

ಈಗ ಒಂದು ಕೆಲಸ ಮಾಡಿ. ಕುಪ್ಪಸದ ತೋಳು ಸ್ವಲ್ಪ ಮೇಲೆ ಸರಿಸಿ. ಗೆರೆ ಎಳೆದ ಹಾಗೆ ಕಾಣುತ್ತೆ ಅಲ್ವಾ? ಮೇಲಿನ ಚರ್ಮಕ್ಕೂ 48, ಕೆಳಗಿನ ಚರ್ಮಕ್ಕೂ 48. ಆದರೂ ಮೇಲಿನದು ನಯವಾಗಿದೆ, ಕೆಳಗಿನದು ಒರಟು, ಕಪ್ಪು. ಕಣ್ಣಿನ ಸುತ್ತ ಬಿದ್ದಿರೋ ಗೆರೆಗಳಲ್ಲೂ ವಯಸ್ಸಿಗಿಂತ ಬಿಸಿಲಿನ ಪಾಲೇ ದೊಡ್ಡದು. ಒಣದ್ರಾಕ್ಷಿ ಶೆಡ್ಡಿಗೆ ನೆಟ್ ಯಾಕೆ ಕಟ್ತೀರಿ? ನೇರ ಬಿಸಿಲು ಬಿದ್ದರೆ ಬಣ್ಣ ಕಂದಾಗುತ್ತೆ, ರೇಟ್ ಬರಲ್ಲ ಅಂತ ತಾನೆ? ದ್ರಾಕ್ಷಿಗೆ ನೆಟ್ ಕಟ್ಟಿ, ತಾವು ಮಾತ್ರ ಮಧ್ಯಾಹ್ನ ಎರಡರ ಬಿಸಿಲಲ್ಲಿ ಬರೀ ಮುಖದಲ್ಲಿ ನಿಲ್ಲೋದು! ರಾತ್ರಿ ಮಾಸ್ಕ್ ಕಟ್ಟಿದ್ದನ್ನು ಹಗಲು ಬಿಚ್ಚಿಹಾಕುತ್ತದೆ. ಅಗಲ ಅಂಚಿನ ಟೋಪಿ ಹಾಕಿ, ಇಲ್ಲಾ ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳಿ. ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನನ್ನು ಎರಡು ಬೆರಳುದ್ದ ಹಚ್ಚಿ, ಬೆವರುವ ಕೆಲಸವಾದ್ದರಿಂದ 2 ಗಂಟೆಗೊಮ್ಮೆ ಮತ್ತೆ ಹಚ್ಚಿ. ಬಂಗು ಇರೋದರಿಂದ ಐರನ್ ಆಕ್ಸೈಡ್ ಸೇರಿಸಿದ, ಮೈಬಣ್ಣದ ಸನ್‌ಸ್ಕ್ರೀನ್ ಕೇಳಿ ತಗೊಳ್ಳಿ.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹಚ್ಚಿದ್ದು ಆ ಬಂಗೇ. ನಮ್ಮಂಥ ಕಂದು ಚರ್ಮದಲ್ಲಿ ಬಂಗು ಬರೀ ಬಿಸಿಲಿಗಲ್ಲ, ಕಣ್ಣಿಗೆ ಕಾಣುವ ಬೆಳಕಿಗೆ ಮತ್ತು ಕಾವಿಗೂ ಕಪ್ಪಾಗಬಹುದು. ಎಷ್ಟೋ ಮಾಸ್ಕ್‌ಗಳಲ್ಲಿ ನೀಲಿ ಬೆಳಕಿನ ಬಟನ್ನೂ ಇರುತ್ತೆ. ಅದು ಮೊಡವೆಗೆ, ಅದನ್ನು ಮುಟ್ಟಲೇ ಬೇಡಿ. ಚರ್ಮದ ಡಾಕ್ಟರಿಗೆ ಮುಖ ತೋರಿಸುವವರೆಗೆ ಕೆಂಪನ್ನೂ ನಿಲ್ಲಿಸಿ. ಹೋಗುವಾಗ ತಗೊಳ್ಳುತ್ತಿರೋ ಮಾತ್ರೆಗಳ ಚೀಟಿ ಜೊತೆಗಿರಲಿ, ಯಾಕೆಂದರೆ ಡಾಕ್ಸಿಸೈಕ್ಲಿನ್‌ನಂಥ ಕೆಲವು ಔಷಧ ಚರ್ಮ ಬೆಳಕನ್ನು ತಾಳದ ಹಾಗೆ ಮಾಡುತ್ತವೆ. ಪಕ್ಕದ ಮನೆಯವರು ಕೊಟ್ಟ ‘ಬಂಗಿನ ಟ್ಯೂಬ್’ ಇದ್ದರೆ ಅದನ್ನೂ ತಗೊಂಡು ಹೋಗಿ. ಅಂಥ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿಬಿಡುತ್ತೆ. ಮೊಮ್ಮಗನಿಗೆ ನನ್ನ ಹತ್ತಿರ ಔಷಧ ಇಲ್ಲ. ಡಾಕ್ಟರು ಹೂಂ ಅಂದರೆ, ಅವನು ಮಲಗಿದ ಮೇಲೆ ಹಾಕಿಕೊಳ್ಳಿ, ಅಷ್ಟೇ.

ಪ್ರಶ್ನೆ: ಮಗಳ ಮದುವೆ ಇದೆ. ಬಾಗಲಕೋಟೆಯ ಒಂದು ಪಾರ್ಲರಿನಲ್ಲಿ ‘ಫೋಟೋ ಫೇಶಿಯಲ್’ ಮಾಡಿಸಿಕೊಳ್ಳಿ ಅಂತಾರೆ. ಅದೂ ಇದೇ ಕೆಂಪು ಲೈಟಾ?
– ಒಬ್ಬ ತಾಯಿ

ಉತ್ತರ: ಬಹಳ ಕಡೆ ಆ ಹೆಸರಿನಲ್ಲಿ ಮಾಡೋದು ಐಪಿಎಲ್. ಕ್ರಿಕೆಟ್ ಅಲ್ಲ, ಇಂಟೆನ್ಸ್ ಪಲ್ಸ್ಡ್ ಲೈಟ್. ಫ್ಲ್ಯಾಶ್ ಥರ ಜೋರಾಗಿ ಹೊಡೆಯುವ ಬೆಳಕು ಅದು. ಚರ್ಮದ ಕಪ್ಪು ಬಣ್ಣ ಅದನ್ನು ಹೀರಿ ಬಿಸಿಯಾಗುತ್ತೆ. ಯಂತ್ರ ತಪ್ಪಾಗಿ ಸೆಟ್ ಮಾಡಿದರೆ ಕಂದು ಚರ್ಮಕ್ಕೆ ಸುಟ್ಟ ಕಲೆ ಬೀಳುತ್ತೆ, ಅದು ಮಾಯೋಕೆ ತಿಂಗಳುಗಳು ಬೇಕು. ಮಾಡಲೇಬೇಕಿದ್ದರೆ ಚರ್ಮದ ಡಾಕ್ಟರ ಹತ್ತಿರವೇ ಮಾಡಿಸಿ. ಮದುವೆಗೆ ಇನ್ನು ಒಂದೇ ತಿಂಗಳು ಅಂದರೆ ಹೊಸ ಪ್ರಯೋಗ ಯಾವುದೂ ಬೇಡ.

ಪ್ರಶ್ನೆ: ಸರ್, ನಾನು ಬೆಳಗಾವಿಯಲ್ಲಿ ಓದ್ತಿದೀನಿ. ಮಾಸ್ಕಿಗೆ ದುಡ್ಡಿಲ್ಲ. ಅಜ್ಜನ ಬೆನ್ನುನೋವಿಗೆ ತಂದ ಕೆಂಪು ಲ್ಯಾಂಪ್ ಮುಖಕ್ಕೆ ಹಿಡಿದರೆ ನಡೆಯುತ್ತಾ?

ಉತ್ತರ: ನಡೆಯಲ್ಲ. ಅದು ಕಾವು ಕೊಡೋ ಲ್ಯಾಂಪ್. ಹತ್ತಿರ ಹಿಡಿದರೆ ಮುಖ ಸುಡುತ್ತೆ, ಕಣ್ಣಿಗೂ ಒಳ್ಳೇದಲ್ಲ. ಅಷ್ಟಕ್ಕೂ ಓದೋ ವಯಸ್ಸಲ್ಲಿ ಸುಕ್ಕು ಎಲ್ಲಿಂದ ಬಂತಪ್ಪಾ? ಲ್ಯಾಂಪ್ ಸುಮ್ನೆ ಅಜ್ಜನ ಬೆನ್ನಿಗೇ ವಾಪಸ್ ಕೊಡು.