ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿದ ಚಿಪ್ಪುಹಂದಿ

ಪ್ರಶ್ನೆ: ಬ್ರಹ್ಮಾವರದ ಹತ್ತಿರ ನಮ್ಮ ಅಜ್ಜನ ಮನೆ. ಅಟ್ಟದ ಪೆಟ್ಟಿಗೆಯಲ್ಲಿ ಚಿಪ್ಪುಹಂದಿಯ ಹಳೆಯ ಚಿತ್ರವೊಂದು ಸಿಕ್ಕಿತು. ಕಪ್ಪು ಗೆರೆಗಳ ಮೇಲೆ ಬಣ್ಣ ಹಚ್ಚಿದ್ದಾರೆ. ಕೆಳಗೆ ‘ಲೆ ಫಟಾಜಿನ್’ ಎಂದಿದೆ. ಬಾಲ ಮೈಯ ಎರಡು ಪಟ್ಟು ಉದ್ದ! ನಮ್ಮ ಗುಡ್ಡದಲ್ಲಿ ಅಂಥದ್ದನ್ನು ಯಾರೂ ಕಂಡಿಲ್ಲ. ಇದು ನಕಲಿಯಾ? ಫ್ರೇಮ್ ಹಾಕಿಸಬಹುದಾ?
– ಉಡುಪಿಯ ಓದುಗರು

ಉತ್ತರ: ಬಾಲ ನೋಡಿ ನಕಲಿ ಅನ್ನಬೇಡಿ. ಅದು ನಮ್ಮ ಗುಡ್ಡದ ಪ್ರಾಣಿಯೇ ಅಲ್ಲ. ಫ್ರೆಂಚ್ ಪ್ರಕೃತಿ ವಿಜ್ಞಾನಿ ಬಫನ್ 1749ರಿಂದ ಪ್ರಕಟಿಸಿದ ಪ್ರಾಣಿ ಪುಸ್ತಕದ ಸಂಪುಟಗಳಲ್ಲಿ ಎರಡು ಚಿಪ್ಪುಹಂದಿಗಳಿವೆ. ಒಂದನ್ನು ಪ್ಯಾಂಗೋಲಿನ್ ಎಂದರು. ಅದು ಮಲಯ ಭಾಷೆಯಿಂದ ಬಂದ ಪದ, ‘ಸುರುಳಿ ಸುತ್ತುವುದು’ ಎಂಬ ಅರ್ಥದ್ದು. ಇನ್ನೊಂದು, ಉದ್ದ ಬಾಲದ್ದು, ಫಟಾಜಿನ್. ಉದ್ದ ಬಾಲದ ಚಿಪ್ಪುಹಂದಿ ಇರುವುದು ಆಫ್ರಿಕಾದಲ್ಲಿ. ಮರ ಹತ್ತುತ್ತದೆ. ನಮ್ಮದು ನೆಲ ಬಗೆದು ಗೆದ್ದಲು ತಿನ್ನುವಂಥದ್ದು, ಬಾಲ ದಪ್ಪ, ಮೈಗಿಂತ ಗಿಡ್ಡ. ಸ್ವಲ್ಪ ಬೇಸರ ಆಯ್ತು, ಅಲ್ವಾ?

ಚಿತ್ರದ ಪ್ರಾಣಿ ಒಂಥರಾ ಬಿಗಿಯಾಗಿ ನಿಂತಿದ್ದರೆ ಆಶ್ಚರ್ಯ ಬೇಡ. ಆ ಕಾಲದ ಕಲಾವಿದರಿಗೆ ದೂರದ ದೇಶದ ಜೀವಂತ ಪ್ರಾಣಿ ಸಿಗುವುದು ಅಪರೂಪ. ಹಡಗಿನಲ್ಲಿ ಬಂದ ಒಣ ಚರ್ಮ ನೋಡಿಯೇ ಎಷ್ಟೋ ಚಿತ್ರ ಬರೆದರು. ನನಗಂತೂ ಆ ತಪ್ಪುಗಳೇ ಜಾಸ್ತಿ ಇಷ್ಟ.

ಇನ್ನು ಅಸಲಿಯೋ ಅಲ್ಲವೋ ನೋಡೋಣ. ಚಿತ್ರದ ಸುತ್ತ, ಅಂಚಿನಿಂದ ಸ್ವಲ್ಪ ಒಳಗೆ, ಬೆರಳಾಡಿಸಿ. ಚೌಕಾಕಾರದ ತಗ್ಗು ಕೈಗೆ ಸಿಗಬೇಕು. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಶಾಯಿ ತುಂಬಿ, ಒದ್ದೆ ಕಾಗದ ಇಟ್ಟು ರೋಲರಿನಡಿ ಒತ್ತಿದಾಗ ತಗಡಿನ ಅಂಚು ಕಾಗದದಲ್ಲಿ ಹಾಗೇ ಉಳಿಯುತ್ತದೆ. ಕಲ್ಲಚ್ಚಿನಲ್ಲಿ, ಅಂದರೆ ನುಣುಪಾದ ಕಲ್ಲಿನ ಮೇಲೆ ಬರೆದು ಒತ್ತುವ ಮುದ್ರಣದಲ್ಲಿ, ಈ ತಗ್ಗು ಇರುವುದಿಲ್ಲ. 1843ರಲ್ಲಿ ನಮ್ಮ ‘ಮಂಗಳೂರ ಸಮಾಚಾರ’ ಬಂದದ್ದು ಕಲ್ಲಚ್ಚಿನಲ್ಲೇ. ಆದರೆ ತಗ್ಗನ್ನು ಬೇಕಂತಲೇ ಒತ್ತಿ ಮೋಸ ಮಾಡುವವರೂ ಇದ್ದಾರೆ. ಹಾಗಾಗಿ ಭೂತಗನ್ನಡಿಯಲ್ಲೂ ನೋಡಿ. ಕೊರೆದ ಗೆರೆ ತುಂಡಾಗದೆ ಹರಿದು, ತುದಿಯಲ್ಲಿ ಸಣ್ಣಗಾಗುತ್ತದೆ. ಸಾಲು ಸಾಲು ಚುಕ್ಕೆ ಕಂಡರೆ ಅದು ಸುಮ್ನೆ ಈಚಿನ ಮುದ್ರಣ. ಕಾಗದವನ್ನು ಬೆಳಕಿಗೆ ಹಿಡಿಯಿರಿ. ಬಲೆಯಂಥ ಸಣ್ಣ ಗೆರೆಗಳು ಕಂಡರೆ ಒಳ್ಳೆಯ ಲಕ್ಷಣ.

ಬಣ್ಣದ ಬಗ್ಗೆ ಸ್ವಲ್ಪ ಅನುಮಾನವಿರಲಿ. ಬಫನ್ ಅವರ ಮೊದಲ ಮುದ್ರಣದ ಇಂಥ ಚಿತ್ರಗಳು ಸಾಮಾನ್ಯವಾಗಿ ಬಣ್ಣವಿಲ್ಲದವು. ಪುಸ್ತಕದಿಂದ ಹಾಳೆ ಕಿತ್ತು ಮಾರುವವರು ಆಮೇಲೆ ಬಣ್ಣ ಹಚ್ಚಿಸಿದ್ದುಂಟು. ಪುಸ್ತಕ ಹಲವು ಸಲ, ಬೇರೆ ಬೇರೆ ಅಳತೆಯಲ್ಲಿ ಮರುಮುದ್ರಣವಾಗಿದೆ. ತಗ್ಗು ಸಿಕ್ಕಿತೆಂದು ಚಿತ್ರ ಮೊದಲ ಮುದ್ರಣದ್ದೇ ಆಗಬೇಕಿಲ್ಲ.

ಫ್ರೇಮ್ ಹಾಕಿಸಿ. ಆದರೆ ನಮ್ಮ ಆಟಿ ತಿಂಗಳ ಮಳೆ ನೆನಪಿರಲಿ. ಒದ್ದೆಯಾಗುವ ಹೊರಗೋಡೆಗೆ ತೂಗುಹಾಕಿದರೆ ಬೂಷ್ಟು ಗ್ಯಾರಂಟಿ. ಹಿಂದೆ ಪ್ಲೈವುಡ್ ಬೇಡ, ಆಮ್ಲವಿಲ್ಲದ ಬೋರ್ಡ್ ಕೇಳಿ. ಗಾಜು ಚಿತ್ರಕ್ಕೆ ತಾಗಬಾರದು. ಬಿಸಿಲು, ಗಮ್ ಟೇಪ್, ಲ್ಯಾಮಿನೇಷನ್ ಮೂರೂ ಬೇಡ. ಅಂಗಡಿಯವರು ಅಳತೆಗೆ ಸರಿಹೊಂದಿಸಲು ಅಂಚು ಕತ್ತರಿಸುತ್ತೇನೆ ಎಂದರೆ ಒಪ್ಪಬೇಡಿ. ಬೆರಳಿಗೆ ಸಿಕ್ಕಿದ ಆ ತಗ್ಗು ಇರುವುದು ಅಲ್ಲೇ.