ತರಗತಿಗೆ ಕಂಪ್ಯೂಟರ್ ಬಂದರೆ ಮಕ್ಕಳ ಸೃಜನಶೀಲತೆ ಹೆಚ್ಚುತ್ತದೆಯೇ?

ಸುಮ್ನೆ ತಂದಿಟ್ಟರೆ ಹೆಚ್ಚುವುದಿಲ್ಲ. ಮಗು ಅದರಲ್ಲಿ ವಿಡಿಯೋ ನೋಡುವುದರ ಬದಲು ತಾನೇ ಏನಾದರೂ ಮಾಡಿದರೆ ಹೆಚ್ಚಬಹುದು. ಕಾರಣ ಸರಳ: ತಪ್ಪು ಮಾಡುವುದು ಅಗ್ಗವಾಗುತ್ತದೆ. ಹಾಳೆಯ ಮೇಲಿನ ಚಿತ್ರ ಕೆಟ್ಟರೆ ಮೊದಲಿನಿಂದ ಶುರು ಮಾಡಬೇಕು. ಪರದೆಯಲ್ಲಿ ಒಂದು ಹೆಜ್ಜೆ ಹಿಂದೆ ಹೋದರೆ ಸಾಕು. ಹಾಗಾಗಿ ಮಗು ಹೆದರದೆ ಜಾಸ್ತಿ ಪ್ರಯೋಗ ಮಾಡುತ್ತದೆ.

2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಹೊರತಂದ, ಮಕ್ಕಳಿಗೆ ಪ್ರೋಗ್ರಾಮಿಂಗ್ (ಕಂಪ್ಯೂಟರ್‌ಗೆ ಆದೇಶ ಕೊಡುವುದು) ಕಲಿಸುವ ಸ್ಕ್ರ್ಯಾಚ್ ನೋಡಿ. ಆದೇಶಗಳಿರುವ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪರದೆಯ ಬೆಕ್ಕು ನಡೆಯುತ್ತದೆ. ಅದು ತಪ್ಪು ದಿಕ್ಕಿಗೆ ಹೋದರೆ ತಕ್ಷಣ ಕಾಣುತ್ತದೆ. ಎಲ್ಲಿ ಎಡವಟ್ಟಾಯಿತು ಎಂದು ಮಗುವೇ ಹುಡುಕುತ್ತದೆ. 1967ರಲ್ಲಿ ಮಕ್ಕಳಿಗಾಗಿಯೇ ರೂಪಿಸಿದ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಇದೇ ಯೋಚನೆ ಇತ್ತು.

ಆದರೆ ಬೋರ್ಡಿನ ಮೇಲೆ ಬರೆದ ಹೆಜ್ಜೆಗಳನ್ನೇ ಇಡೀ ತರಗತಿ ನಕಲು ಮಾಡಿದರೆ ಎಲ್ಲರ ಬೆಕ್ಕೂ ಒಂದೇ ಥರ ನಡೆಯುತ್ತದೆ, ಅಲ್ವಾ?