ಅಳತೆ ಪಟ್ಟಿ ಹಿಡಿದು ಬರುವವರು ಯಾರು?

ಪ್ರಶ್ನೆ: ಬೈತಖೋಲ ಬಂದರಿನಲ್ಲಿ ಒಬ್ಬರು ಬಂದು ಬಂಗಡೆ ಅಳೆದು, ಬರೆದುಕೊಂಡು ಹೋಗುತ್ತಾರೆ. ಮೀನು ಕೊಳ್ಳುವುದೂ ಇಲ್ಲ. ಇದರಿಂದ ನಮಗೇನು ಲಾಭ ಸರ್?
- ಓದುಗರು, ಕಾರವಾರ

ಉತ್ತರ: ಅವರು ಬಹುಶಃ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು. ಸಂಸ್ಥೆ ಶುರುವಾಗಿದ್ದು 1947ರಲ್ಲಿ, ಮುಖ್ಯ ಕಚೇರಿ ಕೊಚ್ಚಿ, ನಿಮ್ಮ ಕಾರವಾರದಲ್ಲೂ ಕೇಂದ್ರ ಇದೆ. ದೇಶದ ಎಲ್ಲ ದೋಣಿಗಳನ್ನೂ ಎಣಿಸಲು ಆಗಲ್ಲ ಅಲ್ವಾ? ಅದಕ್ಕೇ ಕೆಲವು ಬಂದರು, ಕೆಲವು ದಿನ ಆರಿಸಿ ಲೆಕ್ಕ ಮಾಡಿ, ಅದರಿಂದ ಇಡೀ ಕರಾವಳಿಯಲ್ಲಿ ಎಷ್ಟು ಮೀನು ಹಿಡಿದರು ಎಂದು ಅಂದಾಜಿಸುತ್ತಾರೆ. ಉದ್ದ ಅಳೆಯುವುದು, ಹೊಟ್ಟೆ ಸೀಳಿ ಮೊಟ್ಟೆ ನೋಡುವುದು ಸುಮ್ನೆ ಅಲ್ಲ. ಮೀನು ಯಾವ ಗಾತ್ರಕ್ಕೆ ಮೊಟ್ಟೆ ಇಡುತ್ತದೆ ಎಂದು ಗೊತ್ತಾದರೆ ಅದಕ್ಕಿಂತ ಚಿಕ್ಕದನ್ನು ಹಿಡಿಯಬಾರದು ಎಂಬ ನಿಯಮ ಮಾಡಬಹುದು. ಕೇರಳ ಹಾಗೇ ತಾರ್ಲೆಗೆ (ಬೂತಾಯಿ) 10 ಸೆಂ.ಮೀ., ಬಂಗಡೆಗೆ 14 ಸೆಂ.ಮೀ. ಎಂದು ಮಿತಿ ಹಾಕಿತು.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧಕ್ಕೂ ಮೀನು ಮರಿ ಮಾಡುವ ಕಾಲದ ಲೆಕ್ಕವೇ ಒಂದು ಆಧಾರ. ಮಳೆಗಾಲದ ಅಲೆಯ ಭಯ ಇನ್ನೊಂದು. ಆ ಎರಡು ತಿಂಗಳು ಮನೆ ನಡೆಸುವುದು ಹೇಗೆ ಎಂದು ನೀವು ಕೇಳಿದರೆ, ಅದು ನ್ಯಾಯದ ಪ್ರಶ್ನೆಯೇ. ಆದರೆ ಪರಿಹಾರ ಕೇಳುವಾಗಲೂ ಕೈಯಲ್ಲಿ ಅಂಕಿ ಇದ್ದವರ ಮಾತು ಜಾಸ್ತಿ ನಡೆಯುತ್ತದೆ.

ಮೊಬೈಲಿಗೆ ಬರುವ 'ಇಲ್ಲಿ ಮೀನು ಸಿಗಬಹುದು' ಎಂಬ ಸೂಚನೆ ಹೈದರಾಬಾದಿನ ಸಮುದ್ರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ನದು. ಉಪಗ್ರಹ ನೀರಿನ ಬಿಸಿ, ಹಸಿರು ಪಾಚಿಯ ಕಣ ನೋಡಿ ಹೇಳುತ್ತದೆ. ಮೋಡ ಕವಿದರೆ ಅದಕ್ಕೂ ಕಾಣದು, ಆಗ ದೋಣಿ ನಡೆಸುವ ನಿಮ್ಮ ತಾಂಡೇಲರ ಕಣ್ಣೇ ಗತಿ!